ಟಿವಿಯೊಳಗಿನ ಅಂಬಾದಾಸ

ಮರಗಮ್ಮನ ಮಗ ಅಂಬಾದಾಸ ಟಿವಿಯೊಳಗೆ ಬಂದದ್ದು ಒಂದು ಬುಧವಾರ ಮಧ್ಯಾಹ್ನ. ಮೊದಲು ಹೊಗೆಯಲ್ಲಿ ನಿಂತ, ಆಮೇಲೆ ಬೆಳಕಿನಲ್ಲಿ ಎದೆ ಸೆಟೆಸಿ ನಡೆದ, ಹಗ್ಗ ದಾಟಿ ಅಖಾಡಕ್ಕಿಳಿದ. ಸಾವಿರಾರು ಜನ ಎದ್ದು ನಿಂತು ಕೂಗಿದರು. ನೆಲದ ಮೇಲೆ ಕೂತು, ಕೂಲಿಗೆ ತಂದ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತಿದ್ದ ಮುದುಕಿಯ ಕೈಯಲ್ಲಿ ಕತ್ತರಿ ಹಾಗೆಯೇ ನಿಂತುಹೋಯಿತು.

“ಅಯ್ಯ ಶಿವನ! ಇಂವಾ ನಮ್ಮ ಅಂಬಾದಾಸ ಅಲ್ಲೇನು?”

“ವಹೀ ತೋ ಹೈ, ಆಯಿ!” ಎಂದಳು ಮೊಮ್ಮಗಳು ಶರ್ಮಿಳಾ. ಹನ್ನೊಂದನೆಯ ತರಗತಿಯ ಹುಡುಗಿ. ಅಜ್ಜಿಯನ್ನು ಊರಿನ ರೂಢಿಯಂತೆ ಆಯಿ ಅನ್ನುತ್ತಿದ್ದಳು, ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆದರೆ ಬಾಯಿಗೆ ಬರುತ್ತಿದ್ದದ್ದು ಮುಂಬಯಿ ಹತ್ತಿರದ ಕಲ್ಯಾಣದ ಹಿಂದಿ.

ಅವನೇ, ಅನುಮಾನವಿಲ್ಲ. ಅದೇ ಹುರಿ ಮೀಸೆ, ಮುಂದೆ ಬಂದ ಅದೇ ಹೊಟ್ಟೆ, ಎಡ ಹುಬ್ಬಿನ ನಡುವೆ ಕೂದಲು ಹೋದ ಅದೇ ಗೆರೆ. ಮೈಮೇಲೆ ಕೆಂಪು ಬನಿಯನ್ನು. ಟಿವಿಗೆ ಜೋಡಿಸಿ ಆಡುವ ಈ ವಿಡಿಯೊ ಆಟದಲ್ಲಿ ನಿಮಗೆ ಬೇಕಾದ ಪೈಲ್ವಾನನನ್ನು ನೀವೇ ಮಾಡಿಕೊಳ್ಳಬಹುದು. ಮೂಗು ಎಳೆಯಬಹುದು, ಹೊಟ್ಟೆ ಉಬ್ಬಿಸಬಹುದು, ನಡಿಗೆ ಆರಿಸಬಹುದು. ಶರ್ಮಿಳಾ ಎರಡು ದಿನ ಕೂತು ಅಪ್ಪನನ್ನು ಮಾಡಿ, ಇಂಗ್ಲಿಷಿನಲ್ಲಿ ‘ಪಪ್ಪಾ’ ಎಂದು ಹೆಸರು ಬರೆದಿದ್ದಳು.

ಆಟದ ಯಂತ್ರ ಬಂದದ್ದು ಡೊಂಬಿವಲಿಯಿಂದ. ಮರಗಮ್ಮನ ಸೊಸೆ ದಾನಮ್ಮ ಅಲ್ಲಿ ಉಡುಪಿ ಕಡೆಯ ಸತ್ಯಭಾಮಕ್ಕನ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಆ ಮನೆಯ ಮಗ ಅನೀಶ ಹೊಸದು ತಂದ ಮೇಲೆ ಹಳೆಯದು ಮೂಲೆ ಸೇರಿತ್ತು. “ಇದು ಸುಮ್ಮನೆ ಧೂಳು ತಿಂತಾ ಉಂಟು ಮಾರಾಯ್ತಿ, ನಿನ್ನ ಮಗಳು ಆಡ್ಲಿ” ಎಂದು ಸತ್ಯಭಾಮಕ್ಕ ಚೀಲಕ್ಕೆ ತುಂಬಿ ಕೊಟ್ಟಿದ್ದರು. ಜೊತೆಗೆ ಎರಡು ರಿಮೋಟು, ಒಂದೇ ಒಂದು ಆಟ. ನಮ್ಮ ಕೆಮ್ಮಣ್ಣಿನ ಕುಸ್ತಿಯಲ್ಲ ಅದು. ಕುರ್ಚಿ ಏಣಿ ಸುತ್ತಿಗೆ ಸಿಕ್ಕಿದ್ದರಲ್ಲಿ ಬಡಿದಾಡುವ ವಿಲಾಯಿತಿ ಕುಸ್ತಿ. ಬಿದ್ದವರನ್ನು ಒತ್ತಿ ಹಿಡಿದು ಮೂರು ಎಣಿಸಿದರೆ ಗೆಲುವು.

“ಎಷ್ಟ ಮಂದಿ ನೋಡಾಕತ್ತಾರ ನನ್ನ ಮಗನ್ನ! ತಡಿ, ದೃಷ್ಟಿ ಆಗತೈತಿ,” ಎಂದು ಮರಗಮ್ಮ ಎದ್ದಳು. ಉಪ್ಪು, ಒಣಮೆಣಸಿನಕಾಯಿ ಹಿಡಿದು ಟಿವಿಗೆ ಮೂರು ಸುತ್ತು ಇಳಿಸಿ ಗ್ಯಾಸಿನ ಮೇಲೆ ಒಗೆದಳು. ಘಾಟಿಗೆ ಆ ಸಾಲುಮನೆಯ ಚಾಳಿನಲ್ಲಿ ಅಕ್ಕಪಕ್ಕದ ಖೋಲಿಯವರೆಲ್ಲ ಕೆಮ್ಮಿದರು. ಮುದುಕಿಗೆ ಹಿಡಿಸಲಾರದಷ್ಟು ಹಿಗ್ಗು.

ಹಿಗ್ಗು ಎರಡು ನಿಮಿಷವೂ ಬಾಳಲಿಲ್ಲ. ಎದುರಿನಿಂದ ಒಬ್ಬ ಹೆಂಗಸು ಬಂದಳು. ದೊಡ್ಡ ತುರುಬು, ಹಸಿರು ಪ್ಯಾಂಟು. ಬಂದವಳೇ ಓಡಿ ಅಂಬಾದಾಸನ ಎದೆಗೆ ಒದ್ದಳು. ಅವನು ಅಂಗಾತ ಬಿದ್ದ. ಬಿದ್ದವನ ಬಲಗೈ ಹಿಡಿದು ಬೆನ್ನ ಹಿಂದಕ್ಕೆ ತಿರುವಿದಳು, ಮೊಳಕೈ ಮೇಲೆ ಮಂಡಿಯೂರಿದಳು. ಲಟಕ್ ಎಂದು ಸದ್ದಾಯಿತು. ಜನ ಹುಚ್ಚೆದ್ದು ಕೂಗಿದರು.

“ಏ ಹುಡುಗಿ! ಯಾಕಿ ಅಕಿ? ನನ್ನ ಮಗನ ಕೈ ಮುರಿಯಾಕತ್ತಾಳಲ್ಲ!”

“ಮಮ್ಮಿ ಹೈ,” ಎಂದಳು ಶರ್ಮಿಳಾ, ಕಣ್ಣು ತೆಗೆಯದೆ.

ಅಷ್ಟರಲ್ಲಿ ದಾನಮ್ಮ ಕೆಲಸದಿಂದ ಬಂದಳು. ಚಪ್ಪಲಿ ಬಿಟ್ಟು, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಟಿವಿ ನೋಡಿದಳು. ಬಹಳ ಹೊತ್ತು ನೋಡಿದಳು.

“ನಾ ಹಿಂಗ ಕಾಣತೀನೇನು? ಸೀರಿ ಯಾಕ ಉಡಿಸಿಲ್ಲ?”

“ಗೇಮ್ ಮೇಂ ಸೀರಿ ನಹೀ ಹೈ, ಮಮ್ಮಿ. ಪಕಡ್, ತೂ ಖೇಲ್,” ಎಂದು ಮಗಳು ರಿಮೋಟು ಕೈಗಿತ್ತಳು.

ಮೊದಲ ಎರಡು ದಿನ ದಾನಮ್ಮ ಬರೀ ಸೋತಳು. ಮೂರನೆಯ ದಿನ ಶರ್ಮಿಳಾ ಒಂದು ಗುಂಡಿ ತೋರಿಸಿದಳು. ಎದುರಾಳಿ ಹೊಡೆಯಲು ಬಂದಾಗ, ಏಟು ಬೀಳುವ ಮುಂಚಿನ ಕಣ್ಣೆವೆ ಮಿಟುಕಿನಲ್ಲಿ ಅದನ್ನೊತ್ತಿದರೆ ಏಟು ತಪ್ಪಿ ಅವನ ಕೈಯೇ ನಿಮ್ಮ ಹಿಡಿತಕ್ಕೆ ಬರುತ್ತದೆ. ತುಸು ಮೊದಲಾದರೂ ಇಲ್ಲ, ತಡವಾದರೂ ಇಲ್ಲ. ಕಾಲೇಜಿನ ಪೋರರಿಗೇ ಅದು ವಾರಗಟ್ಟಲೆ ಕೂಡಿಬರುವುದಿಲ್ಲವಂತೆ. ದಾನಮ್ಮನಿಗೆ ಒಂದೇ ಮಧ್ಯಾಹ್ನದಲ್ಲಿ ಬಂತು. ಹತ್ತು ಏಟಿಗೆ ಒಂಬತ್ತು ತಪ್ಪಿಸಿದಳು.

“ಕೈಸೆ, ಮಮ್ಮಿ?” ಮಗಳು ಬಾಯಿ ತೆರೆದು ಕೂತಳು.

“ಹೊಡಿಯೂಕಿಂತ ಮೊದಲ ಬಲ ಹೆಗಲ ತುಸು ಕೆಳಗ ಇಳಿತೈತಿ,” ಎಂದಳು ದಾನಮ್ಮ. “ನನಗ ಗೊತ್ತಾಗತೈತಿ.”

ಮರಗಮ್ಮ ಕೇಳಿಯೂ ಕೇಳದವಳಂತೆ ಮುಂದಿನ ಪ್ಯಾಂಟು ಎಳೆದುಕೊಂಡಳು.

ಆ ಮನೆಯ ಒಂದು ರಿವಾಜು ಹೇಳಬೇಕು. ಅಂಬಾದಾಸ ಭಿವಂಡಿಯ ಗೋದಾಮಿನಲ್ಲಿ ಬಟ್ಟೆಯ ಗಂಟು ಹೊರುವವನು. ಸಂಜೆ ಬಂದು ಉಣ್ಣಲು ಕೂತಾಗ ರೊಟ್ಟಿ ಆರಿದ್ದರೆ, ಬೇಳೆ ನೀರಾಗಿದ್ದರೆ, ಅಥವಾ ಏನೂ ಆಗಿರದಿದ್ದರೆ, ತಾಯಿಯ ಕಡೆ ತಿರುಗಿ ಮೆತ್ತಗೆ ಹೇಳುತ್ತಿದ್ದ: “ಯವ್ವಾ, ಹೊರಗ ಗಾಳಿ ಐತಿ. ಕುಂದ್ರ ಹೋಗು.” ಮರಗಮ್ಮ ಪ್ಯಾಂಟಿನ ಗಂಟು, ಕತ್ತರಿ ಎತ್ತಿಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದಳು. ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ತಾಯಿಯ ಎದುರು ಹೆಂಡತಿಯ ಮೇಲೆ ಕೈ ಮಾಡುವಷ್ಟು ಮರ್ಯಾದೆಗೆಟ್ಟವನಲ್ಲ ತನ್ನ ಮಗ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ ಕೂಡ ಇತ್ತು, ನೋಡಿ ಕರ್ಮ! ಒಳಗೆ ಸದ್ದು ನಿಲ್ಲುವವರೆಗೆ ದಾರ ಕತ್ತರಿಸುವಳು. ಕೆಲವು ದಿನ ಎರಡು ಪ್ಯಾಂಟು ಮುಗಿಯುವಷ್ಟು ಹೊತ್ತು, ಕೆಲವು ದಿನ ಐದು.

ಆ ವಾರವೂ ಹಾಗೇ ಆಯಿತು. ರೊಟ್ಟಿಯ ಅಂಚು ಕರಿದಾಗಿತ್ತು. ತಾಟು ಗೋಡೆಗೆ ಹಾರಿತು. “ಯವ್ವಾ, ಹೊರಗ ಗಾಳಿ ಐತಿ.”

ಪಕ್ಕದ ಖೋಲಿಯ ಪದ್ಮಾವತಿ ಬಾಗಿಲಿಗೆ ಬಂದು ಕಿವಿಗೊಟ್ಟಳು. “ಮರಗಮ್ಮಾಯಿ, ಒಳಗ ಏನ ಸಪ್ಪಳ ಅದು?”

“ಟಿವ್ಯಾಗ ಕುಸ್ತಿ ಆಟ ಬಂದೈತಿ ನಮ್ಮಲ್ಲಿ. ಅದ.”

“ಅಳಾಕತ್ತಾರಲ್ಲ?”

“ಅದರಾಗೂ ಅಳತಾರ. ನಾ ಏನ ಕಣ್ಣೀಲೆ ಕಂಡೀನೇನು?” ಎಂದು ಮುದುಕಿ ಕತ್ತರಿ ಆಡಿಸಿದಳು. ಅಂದು ನಾಲ್ಕು ಪ್ಯಾಂಟು ಆದವು.

ಮರುದಿನ ಮಧ್ಯಾಹ್ನ ಊದಿದ ತುಟಿಯಲ್ಲಿ ದಾನಮ್ಮ ರಿಮೋಟು ಹಿಡಿದಳು. ಸತತ ಆರು ಆಟ ಗೆದ್ದಳು. ಪ್ರತಿ ಆಟದಲ್ಲೂ ಒಂದೇ ಪಟ್ಟು: ಏಟು ತಪ್ಪಿಸುವುದು, ಬಲಗೈ ಹಿಡಿಯುವುದು, ತಿರುವುವುದು. ಟಿವಿಯ ಮೂಲೆಯಲ್ಲಿ ಸಣ್ಣದೊಂದು ಮನುಷ್ಯಾಕೃತಿ ಇರುತ್ತಿತ್ತು. ಮೈಯ ಯಾವ ಭಾಗಕ್ಕೆ ಎಷ್ಟು ಪೆಟ್ಟಾಗಿದೆ ಎಂದು ತೋರಿಸುವುದಕ್ಕೆ. ಮೊದಲು ಬಿಳಿ, ಆಮೇಲೆ ಹಳದಿ, ಕೊನೆಗೆ ಕೆಂಪು. ಅಂಬಾದಾಸನ ಬಲಗೈ ದಿನಾಲು ಕೆಂಡದಂತೆ ಕೆಂಪಾಗುತ್ತಿತ್ತು. ತಾಯಿ ಮಗಳು ಬಿದ್ದು ಬಿದ್ದು ನಗುತ್ತಿದ್ದರು. ಆ ಖೋಲಿಯಲ್ಲಿ ಅಷ್ಟು ನಗು ಮರಗಮ್ಮ ಕೇಳಿಯೇ ಇರಲಿಲ್ಲ.

“ಗಂಡನ್ನ ಬಡದು ನಗತೀಯಲ್ಲ ದಾನವ್ವಾ, ನಿನಗ ನಾಚಿಕಿಲ್ಲೇನು?”

“ಟಿವ್ಯಾಗ ಬಡದರ ಯಾರಿಗಿ ನೋವಾಗತೈತ್ರಿ ಅತ್ತಿ?”

ಮೂರನೆಯ ವಾರದ ಶನಿವಾರ ಭಿವಂಡಿಯಿಂದ ಫೋನು ಬಂತು. ಗೋದಾಮಿನಲ್ಲಿ ಮೇಲಿನ ಸಾಲಿನ ಗಂಟು ಜಾರಿ ಅಂಬಾದಾಸನ ಬಲ ಹೆಗಲ ಮೇಲೆ ಬಿದ್ದಿತ್ತು. ಕೀಲು ತಪ್ಪಿತ್ತು, ಮೊಳಕೈ ಹತ್ತಿರ ಎಲುಬು ಸೀಳಿತ್ತು. ಡಾಕ್ಟರು ಕೀಲು ಕೂರಿಸಿದರು, ಪ್ಲಾಸ್ಟರು ಹಾಕಿದರು, ಕೈಯನ್ನು ಕೊರಳಿಗೆ ಕಟ್ಟಿದರು. ಎಲುಬು ಕೂಡುತ್ತದೆ, ಆದರೆ ನರಕ್ಕೆ ಪೆಟ್ಟಾಗಿದೆ, ಬೆರಳು ಆಡುವುದು ಯಾವಾಗ ಎಂದು ಈಗ ಹೇಳಲಾಗದು ಎಂದರು. ಹಗುರವಾದ ಮೆತ್ತನೆಯ ಚೆಂಡು ಹಿಡಿದು ಮುಷ್ಟಿ ಮಾಡುವ ಅಭ್ಯಾಸ ಮಾಡಿಸಿ ಎಂದರು.

ಮೂರು ವಾರವಾದರೂ ಬೆರಳು ಅಲುಗಲಿಲ್ಲ. ಗಂಟು ಹೊರುವವನಿಗೆ ಕೈ ಹೋದರೆ ಉಳಿಯುವುದೇನು? ಮರಗಮ್ಮ ದಿನಾಲು ಹಿಟ್ಟಿನ ಉಂಡೆ ಮಾಡಿ ಅವನ ಅಂಗೈಯಲ್ಲಿಡುತ್ತಿದ್ದಳು. “ಹಿಚಕಪಾ, ನನ್ನಪ್ಪಾ. ಮುಷ್ಟಿ ಮಾಡು.” ಉಂಡೆ ಇಟ್ಟಂತೆಯೇ ಇರುತ್ತಿತ್ತು. ಮುದುಕಿ ಹೊರಗೆ ಹೋಗಿ ಮೂಗು ಒರೆಸಿಕೊಂಡು ಬರುತ್ತಿದ್ದಳು.

ಹಾಗೆ ನೋಡಿದರೆ ಆ ಮನೆಯಲ್ಲಿ ಅಷ್ಟು ನೆಮ್ಮದಿಯ ದಿನಗಳು ಬೇರೆ ಬಂದಿರಲಿಲ್ಲ. ದಾನಮ್ಮ ಇನ್ನೊಂದು ಮನೆಯ ಅಡುಗೆ ಹಿಡಿದಳು. ಸಂಜೆ ಬಂದು ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಗಂಡನ ಬಾಯಿಗಿಡುತ್ತಿದ್ದಳು. ಅವನು ಕೂಸಿನಂತೆ ಬಾಯಿ ತೆರೆಯುತ್ತಿದ್ದ. ರೊಟ್ಟಿ ಆರಿದ್ದರೂ ಉಂಡ. ಅವಳ ತುಟಿಯ ಊತ ಇಳಿಯಿತು. ಮರಗಮ್ಮನನ್ನು ಗಾಳಿಗೆ ಹೋಗು ಎಂದವರಿಲ್ಲ. ಆದರೆ ತಾಯ ಜೀವ ಅದನ್ನು ನೆಮ್ಮದಿ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳ ಕಣ್ಣು ಆ ಐದು ಸತ್ತ ಬೆರಳುಗಳ ಮೇಲೆಯೇ.

ಒಂದು ಮಧ್ಯಾಹ್ನ ಶರ್ಮಿಳಾ ಆಟ ಹಚ್ಚಿ ತಾಯಿಯ ಕೈಗೂ ರಿಮೋಟು ಕೊಟ್ಟಳು. ಅಂಬಾದಾಸ ದವಾಖಾನೆಗೆ ಹೋಗಿದ್ದ. ಟಿವಿಯ ಮೂಲೆಯ ಆಕೃತಿಯಲ್ಲಿ ಬಲಗೈ ಕೆಂಪಾಗುತ್ತಿದ್ದಂತೆ ಮರಗಮ್ಮ ಕತ್ತರಿ ಕೆಳಗಿಟ್ಟು ಟಿವಿಯ ಹತ್ತಿರ ಸರಿದಳು. ಹೆಗಲಿನಿಂದ ಅಂಗೈವರೆಗೆ ಕೆಂಪು. ಮಗನ ಕೈಗೂ ಹೆಗಲಿನಿಂದ ಅಂಗೈವರೆಗೆ ಪ್ಲಾಸ್ಟರು.

“ಬಂದ ಮಾಡ! ಬಂದ ಮಾಡ ಅದನ್ನ!” ಅವಳು ಮೈಮೇಲೆ ಬಂದವಳಂತೆ ಕೂಗಿದಳು. “ಮಾಟ ಮಾಡೀರಿ ನೀವು! ಅವನ ಹಂಗ ಗೊಂಬಿ ಮಾಡಿ, ಹೆಸರ ಬರದು, ದಿನಾ ಕೈ ಮುರದೀರಿ! ಹೇಳ ದಾನಿ, ಬಲಗೈನ ಯಾಕ ಹಿಡಿತಿದ್ದಿ? ಎಡಗೈ ಇರಲಿಲ್ಲೇನು?”

“ಹೊಡಿಯೂದು ಬಲಗೈಲೆ ಅಲ್ರಿ, ಅದಕ್ಕ,” ಎಂದಳು ದಾನಮ್ಮ ತಣ್ಣಗೆ.

“ಆಯಿ, ಪಾಗಲ್ ಹೈ ಕ್ಯಾ? ಗೇಮ್ ಹೈ ವೋ!”

“ನೀ ಸುಮ್ಮಕುಂದ್ರ. ಪಪ್ಪಾ ಅಂತ ಹೆಸರ ಬರದಾಕಿ ನೀನ!”

ಮರಗಮ್ಮ ಆಗಲೇ ಊರಿಗೆ ಫೋನು ಹಚ್ಚಿಸಿದಳು. ಇಂಡಿ ಹತ್ತಿರದ ಹಳ್ಳಿಯಲ್ಲಿ ಅವಳ ಅಣ್ಣ ರೇವಣಸಿದ್ದ ಇಂಥದ್ದೆಲ್ಲ ಬಲ್ಲವನು. ಅವನು ಪೂರ್ತಿ ಕೇಳಿ, “ಗೊಂಬಿ ಯಾವುದರಾಗ ಮಾಡ್ಯಾರವ್ವಾ? ಹಿಟ್ಟಿನಾಗೋ, ಮಣ್ಣಿನಾಗೋ?” ಅಂದ.

“ಟಿವ್ಯಾಗ, ಅಣ್ಣಾ.”

ಆ ಕಡೆ ರೇವಣಸಿದ್ದ ಒಮ್ಮೆ ಕೆಮ್ಮಿದ. ಆಮೇಲೆ ಗಟ್ಟಿ ದನಿ ಬಂತು. “ಯಾವುದರಾಗರ ಇರಲಿ. ಯಾರ ಕೈಲೆ ಆಗೇತಿ, ಅವರ ಕೈಲೆ ಬಿಡಸಬೇಕು. ಹನ್ನೊಂದ ದಿನ. ಹೊಡದ ಗೊಂಬಿ ಸೋಲಬೇಕು, ಇವನ ಗೊಂಬಿ ಗೆಲ್ಲಬೇಕು. ಮಾಡಸಾಕಿ ನೀನು ಎದುರ ಕುಂದ್ರಬೇಕು. ಶುರುವಿನಿಂದ ಕಡೀತನಕ ಕಣ್ಣ ತೆಗೀಬಾರದು, ಎದ್ದ ಹೋಗಬಾರದು. ಎದ್ದಿ ಅಂದರ ಮತ್ತ ಮೊದಲಿಂದ.”

ಹೀಗೆ ಶುರುವಾಯಿತು ಆ ಹರಕೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಟಿವಿಗೆ ಭಂಡಾರದ ಅರಿಶಿನ ಹಚ್ಚುವುದು. ಶರ್ಮಿಳಾ ಅಪ್ಪನನ್ನು ಆಡಿಸುವುದು, ದಾನಮ್ಮ ತನ್ನ ಗೊಂಬೆಯ ರಿಮೋಟು ಹಿಡಿದು ಏನೂ ಒತ್ತದೆ ಕೂರುವುದು. ಹುಡುಗಿ ಮೂರು ಬಾರಿ ರಿಮೋಟು ಎಸೆದಳು. ಅವಳನ್ನು ಒಪ್ಪಿಸಿದ್ದು ದಾನಮ್ಮನೇ. “ಅತ್ತಿ ಜೀವಕ್ಕ ಸಮಾಧಾನ ಆಗಲಿ ಬಿಡ. ಅವರ ಕೈ ನೆಟ್ಟಗಾದರ ನನಗೂ ಒಂದ ಮನಿ ಕೆಲಸ ಕಡಿಮಿ ಆಗತೈತಿ.”

ಅಂಬಾದಾಸನಿಗೆ ಹೇಳಿದ್ದು ಇಷ್ಟೇ: ನಿನ್ನ ಕೈಗಾಗಿ ಹರಕೆ. ಅವನಿಗೆ ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತು. ಮಂಚದ ಮೇಲೆ ಗೋಡೆಗೆ ಒರಗಿ, ತಾನು ಹೊಗೆಯಿಂದ ನಡೆದು ಬರುವುದನ್ನು, ಜನ ಕೂಗುವುದನ್ನು, ಹಸಿರು ಪ್ಯಾಂಟಿನ ಹೆಂಡತಿಯನ್ನು ಎತ್ತಿ ಒಗೆಯುವುದನ್ನು ನೋಡಿ ತೊಡೆ ತಟ್ಟಿ ನಕ್ಕ.

“ಹಾಕ ಶಮ್ಮೀ, ಕುರ್ಚಿ ತಗೋ! ಬೆನ್ನಿಗಿ ಹಾಕ!”

ಮೂರನೆಯ ಸಂಜೆ ದಾನಮ್ಮನ ಹೆಬ್ಬೆರಳು ತಾನಾಗಿ ಒತ್ತಿತು. ಟಿವಿಯೊಳಗೆ ಅವನ ಹೆಗಲು ಇಳಿದದ್ದೇ ತಡ, ಏಟು ತಪ್ಪಿತು, ಕೈ ತಿರುಗಿತು. “ಅಯ್ಯೋ ಬಿಡ! ಬಿಡ!” ಎಂದು ಮರಗಮ್ಮ ಚೀರಿ ಸೊಸೆಯ ಕೈಮೇಲೆ ಬಡಿದಳು. ಆ ದಿನ ಲೆಕ್ಕಕ್ಕೆ ಬರಲಿಲ್ಲ. ಮರುದಿನದಿಂದ ಹನ್ನೊಂದು ಮತ್ತೆ ಶುರು. ದಾನಮ್ಮ ಅಂದಿನಿಂದ ರಿಮೋಟನ್ನು ಮಡಿಲಲ್ಲಿಟ್ಟು, ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತಳು.

ಐದನೆಯ ದಿನ ಅಂಬಾದಾಸನ ಕಿರುಬೆರಳು ಅಲುಗಿತು. ಸುಳ್ಳಲ್ಲ, ನಿಜವಾಗಿ ಅಲುಗಿತು. ಡಾಕ್ಟರು ನರ ಚೇತರಿಸಿಕೊಳ್ಳುತ್ತಿದೆ ಎಂದರು; ಮರಗಮ್ಮ ಬಾಯಿ ಮುಚ್ಚಿ ನಕ್ಕಳು. ಆರನೆಯ ದಿನ ಹಿಟ್ಟಿನ ಉಂಡೆಯ ಮೇಲೆ ಬೆರಳಿನ ಗುರುತು ಬಿತ್ತು. ಅವಳು ಆ ಉಂಡೆಯನ್ನು ಹಿಡಿದುಕೊಂಡು ಚಾಳಿನ ಮನೆಮನೆಗೂ ಹೋಗಿ ತೋರಿಸಿ ಬಂದಳು.

ಆದರೆ ನೋಡುವ ಕೆಲಸ ಅವಳು ಅಂದುಕೊಂಡಷ್ಟು ಸುಲಭವಿರಲಿಲ್ಲ. ಇಪ್ಪತ್ತು ವರ್ಷ ಕಟ್ಟೆಯ ಮೇಲೆ ಕೂತವಳು ಈಗ ಎದುರು ಕೂತಿದ್ದಳು. ಏಳುವ ಹಾಗಿಲ್ಲ, ಕಣ್ಣು ತೆಗೆಯುವ ಹಾಗಿಲ್ಲ. ಎಂಟನೆಯ ಸಂಜೆ ಹಸಿರು ಪ್ಯಾಂಟಿನ ಹೆಂಗಸು ಕುರ್ಚಿಯ ಏಟಿಗೆ ಮಗ್ಗುಲಾಗಿ ಬಿದ್ದಳು. ಮಂಡಿಯ ಮೇಲೆ ತೆವಳಿ ಹಗ್ಗದ ಕಡೆ ಕೈ ಚಾಚಿದಳು. ಕೆಂಪು ಬನಿಯನ್ನಿನವನು ಕಾಲು ಹಿಡಿದು ನಡುವಿಗೆ ಎಳೆದು ತಂದು ಮುಖದ ಮೇಲೆ ಗುದ್ದಿದ. ಮತ್ತೆ ತೆವಳಿದಳು. ಮತ್ತೆ ಎಳೆದ.

“ಬಿದ್ದಾಳಲ್ಲ ಅಕಿ. ಏಳಾಕ ನೋಡಾಕತ್ತಾಳಲ್ಲ. ಮತ್ತ ಯಾಕ ಹೊಡಿತಾನ?” ಮರಗಮ್ಮನ ದನಿ ಸಣ್ಣಗಿತ್ತು.

“ಏಳಾಕ ನೋಡಿದ್ದಕ್ಕ ಹೊಡಿತಾರ್ರಿ ಅತ್ತಿ,” ಎಂದಳು ದಾನಮ್ಮ ಟಿವಿಯನ್ನೇ ನೋಡುತ್ತ. “ಬಿದ್ದಲ್ಲೇ ಇದ್ದರ ಲಗೂನ ಮುಗಿತೈತಿ.”

ಮುದುಕಿ ಸೊಸೆಯ ಮುಖ ನೋಡಲು ಹೋಗಿ, ಕಣ್ಣು ತೆಗೆಯಬಾರದೆಂಬುದು ನೆನಪಾಗಿ ತಡೆದಳು. “ಶಮ್ಮೀ, ಸಾಕ ಮಾಡವಾ ಇವತ್ತಿಗಿ.”

“ತೂನೇ ಬೋಲಾ ನಾ, ಆಯಿ? ತೀನ್ ಗಿನನೇ ತಕ್ ಖತಮ್ ನಹೀ ಹೋತಾ.” ಹುಡುಗಿಯ ಗಲ್ಲದ ಮೇಲೆ ನೀರು ಹರಿಯುತ್ತಿತ್ತು. ಅವಳು ಗುಂಡಿ ಒತ್ತುತ್ತಲೇ ಇದ್ದಳು. ಮೂಲೆಯ ಹೆಂಗಸಿನ ಆಕೃತಿಯಲ್ಲಿ ಅಂದು ಬಿಳಿಯಾಗಿ ಉಳಿದ ಒಂದು ಭಾಗವೂ ಇರಲಿಲ್ಲ. ಆ ರಾತ್ರಿ ಮರಗಮ್ಮನಿಗೆ ಊಟ ಸೇರಲಿಲ್ಲ. ರೊಟ್ಟಿ ಮುರಿದು ಹಾಗೇ ಬಿಟ್ಟಳು.

ಆದರೂ ಹರಕೆ ಬಿಡಲಿಲ್ಲ. ಮಗನ ಕೈ ಅಲ್ಲವೇ? ಹತ್ತನೆಯ ದಿನ ಪ್ಲಾಸ್ಟರು ಬಿಚ್ಚಿದರು. ಹನ್ನೊಂದನೆಯ ಸಂಜೆ ಟಿವಿಯೊಳಗೆ ಮೂರು ಎಣಿಸುತ್ತಿದ್ದಂತೆ ಅಂಬಾದಾಸ ತಾಯಿಯ ಮುಂದೆ ಕೈ ಚಾಚಿ ಬೆರಳು ಮಡಚಿದ. ಐದೂ ಮಡಚಿದವು. ಗಟ್ಟಿ ಮುಷ್ಟಿ. ಮರಗಮ್ಮ ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು, ಅದಕ್ಕೆ ಮುತ್ತು ಕೊಟ್ಟು ಅತ್ತಳು.

ಮರುದಿನ ಭಾನುವಾರ. ದಾನಮ್ಮ ಕೋಳಿ ಸಾರು ಮಾಡಿದಳು. ಮಧ್ಯಾಹ್ನ ಉಂಡು ಅಂಬಾದಾಸ ರಿಮೋಟು ಕೇಳಿದ. ಒಂದೂವರೆ ತಿಂಗಳಲ್ಲಿ ಮೊದಲ ಬಾರಿ ಎರಡೂ ಕೈಯಲ್ಲಿ ಏನೋ ಹಿಡಿದಿದ್ದ. ಆಡಲು ಬರದೆ ಸಿಕ್ಕ ಸಿಕ್ಕ ಗುಂಡಿ ಒತ್ತಿದ. ಪರದೆ ಮೇಲೆ ಒಂದು ಪಟ್ಟಿ ತೆರೆಯಿತು. ಒಂದು ಬದಿಗೆ ಅವನ ಚಿತ್ರ, ಇನ್ನೊಂದು ಬದಿಗೆ ಅಂಕಿ. ಈ ಆಟ ಯಾವ ಪೈಲ್ವಾನ ಎಷ್ಟು ಗೆದ್ದ, ಎಷ್ಟು ಸೋತ, ಯಾರಿಗೆ ಸೋತ ಎಲ್ಲ ನೆನಪಿಟ್ಟಿರುತ್ತದೆ.

“ಪಪ್ಪಾ, ಛೋಡೋ ವೋ, ಮೈ ಲಗಾತೀ ಹೂಂ,” ಎಂದು ಶರ್ಮಿಳಾ ಹಾರಿ ಬಂದಳು.

ಅವನು ಅವಳನ್ನು ಬದಿಗೆ ತಳ್ಳಿದ. “ಗೆದ್ದದ್ದು ಹದಿನೈದು. ಸೋತದ್ದು... ಎಪ್ಪತ್ತಾರು?” ಪರದೆಯ ಹತ್ತಿರ ಬಗ್ಗಿದ. “ಎಪ್ಪತ್ತಾರ ಸಲ ನಾ ಈ ಹಸರ ಚೊಣ್ಣದಾಕಿ ಕೈಲೆ ಸೋತೀನಿ? ಯಾರ ಆಡಸಿದ್ದು ಇದನ್ನ?”

ದಾನಮ್ಮ ತಾಟು ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಎದ್ದು ನಿಂತಳು.

“ನಾ ಆಡೀನಿ. ಎಪ್ಪತ್ತಾರೂ ನಾನ ಗೆದ್ದೀನಿ.”

ಅಂಬಾದಾಸ ರಿಮೋಟು ಕೆಳಗಿಟ್ಟ. ನಿಧಾನವಾಗಿ ಎದ್ದ. ತಾಯಿಯ ಕಡೆ ತಿರುಗದೆಯೇ ಮೆತ್ತಗೆ ಹೇಳಿದ: “ಯವ್ವಾ, ಹೊರಗ ಗಾಳಿ ಐತಿ. ಕುಂದ್ರ ಹೋಗು.”

ಮರಗಮ್ಮನ ಕೈ ರೂಢಿಯ ಮೇಲೆ ಪ್ಯಾಂಟಿನ ಗಂಟಿಗೆ ಹೋಯಿತು, ಕಾಲು ಹೊಸ್ತಿಲಿಗೆ ಹೋಯಿತು. ಅಲ್ಲಿ ನಿಂತಳು. ಗಂಟು ಕೈಬಿಟ್ಟಳು.

“ನಾ ಹೋಗಂಗಿಲ್ಲ.”

“ಯವ್ವಾ!”

“ಹೋಗಂಗಿಲ್ಲಂದರ ಹೋಗಂಗಿಲ್ಲ. ಬಾಗಲಾ ತೆಗದಽ ಇರಲಿ.”

ತಾಯಿ ನೋಡುತ್ತಿದ್ದರೆ ಅವನ ಕೈ ಏಳುವುದಿಲ್ಲ ಎಂದು ಅವಳು ನಂಬಿದ್ದಳು. ಹುಚ್ಚು ನಂಬಿಕೆ! ಅವನ ಬಲ ಹೆಗಲು ತುಸು ಕೆಳಗಿಳಿಯಿತು. ಈ ಸಲ ಅದು ಮರಗಮ್ಮನಿಗೂ ಕಂಡಿತು. ಮುಷ್ಟಿ ದಾನಮ್ಮನ ಹುಬ್ಬಿನ ಮೇಲೆ ಬಿತ್ತು. ಚರ್ಮ ಸೀಳಿ ರಕ್ತ ಕಣ್ಣೊಳಗೆ ಇಳಿಯಿತು. ಅವಳು ಒಲೆಯ ಕಟ್ಟೆಗೆ ಬಡಿದು ಕುಸಿದಳು. ಸಾರಿನ ಪಾತ್ರೆ ಮೈಮೇಲೆ ಮಗುಚಿತು. ಏಳಲು ಕೈಯೂರಿದಳು. ಕೈಯೂರಿದ್ದಕ್ಕೆ ಪಕ್ಕೆಗೆ ಒದ್ದ. ಜಡೆ ಹಿಡಿದು ನಡುವಿಗೆ ಎಳೆದ.

ಮರಗಮ್ಮ ಎದೆಯೊಳಗಿಂದ ಯಾವುದೋ ದನಿ ತೆಗೆದು ಅವನ ಬಲಗೈಗೆ ಜೋತು ಬಿದ್ದಳು. ಅವನು ಝಾಡಿಸಿದ. ಬಿಡಲಿಲ್ಲ. ಮತ್ತೆ ಝಾಡಿಸಿದ. ಮುದುಕಿ ಬಾಯಲ್ಲಿ ಉಳಿದಿದ್ದ ಏಳೆಂಟು ಹಲ್ಲನ್ನು ಮುಷ್ಟಿಯ ಮೇಲೆ ಊರಿ ಕಚ್ಚಿದಳು. ನಿನ್ನೆ ಮುತ್ತು ಕೊಟ್ಟ ಜಾಗದಲ್ಲೇ ರಕ್ತ ಬರುವ ಹಾಗೆ ಕಚ್ಚಿದಳು. ಅಂಬಾದಾಸ ಚೀರಿ ಅವಳನ್ನು ಎತ್ತಿ ಒಗೆದ. ಮಂಚದ ಕಬ್ಬಿಣದ ಅಂಚಿಗೆ ಅವಳ ಎಡಗೈ ಬಡಿದು, ಲಟಕ್ ಎಂದಿತು. ಯಾರೂ ಕೂಗಲಿಲ್ಲ. ಶರ್ಮಿಳಾ ತೆರೆದ ಬಾಗಿಲಲ್ಲಿ ನಿಂತು, “ಪದ್ಮಾ ಮೌಶಿ! ಮಾರ್ ಡಾಲೇಗಾ!” ಎಂದು ಚಾಳು ಕಿತ್ತುಹೋಗುವಂತೆ ಅರಚಿದಳು. ಜನ ನುಗ್ಗಿದರು. ನಾಲ್ಕು ಮಂದಿ ಗಂಡಸರು ಅವನನ್ನು ಹಿಡಿದು ಕೆಡವಿ ಕೂರಿಸಿದರು.

ದವಾಖಾನೆಯಲ್ಲಿ ದಾನಮ್ಮನ ಹುಬ್ಬಿಗೆ ಏಳು ಹೊಲಿಗೆ ಬಿದ್ದವು, ಎರಡು ಪಕ್ಕೆಲುಬು ಬಿರಿದಿದ್ದವು. ಮರಗಮ್ಮನ ಮಣಿಕಟ್ಟು ಮುರಿದಿತ್ತು. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರು. ಅಲ್ಲಿನ ಪೊಲೀಸ್ ಚೌಕಿಯ ಹೆಣ್ಣು ಸಿಪಾಯಿ ವಹಿ ತೆರೆದು, ಹೇಗಾಯಿತು ಎಂದು ಮರಾಠಿಯಲ್ಲಿ ಕೇಳಿದಳು.

ದಾನಮ್ಮ ರೂಢಿಯಂತೆ ಬಾಯಿ ತೆರೆದಳು. “ನಳದ ಹತ್ತಿರ ಜಾರಿ...”

“ಸುಳ್ಳ ಹೇಳಬ್ಯಾಡ,” ಎಂದಳು ಮರಗಮ್ಮ. “ಶಮ್ಮೀ, ನಾ ಹೇಳಿದ್ದ ಹಂಗ ಹೇಳ ಅಕಿಗಿ. ಹೊಡದಾಂವ ನನ್ನ ಮಗ. ಅಂಬಾದಾಸ ಹುಲಗಪ್ಪ ತಳವಾರ. ನಾ ಕಣ್ಣೀಲೆ ಕಂಡೀನಿ.”

ಶರ್ಮಿಳಾ ಹೇಳಿದಳು. ಸಿಪಾಯಿ ಬರೆದುಕೊಂಡು, ಯಾವುದರಲ್ಲಿ ಹೊಡೆದ, ಕೋಲೋ ಕಬ್ಬಿಣವೋ ಎಂದಳು.

“ಕೈಲೆ. ಬಲಗೈಲೆ. ಆ ಕೈ ಸತ್ತ ಬಿದ್ದಿತ್ತು. ಹನ್ನೊಂದ ದಿನ ಈಕೀನ್ನ ಸೋಲಿಸಿ ಸೋಲಿಸಿ ಆ ಮುಷ್ಟಿ ಮಡಚಿಸಿದಾಕಿ ನಾನು. ನನ್ನ ಹೆಸರೂ ಬರಕೋ ಅನ್ನ.”

ಹುಡುಗಿ ಒಂದು ಮಾತೂ ಬಿಡದೆ ಮರಾಠಿಯಲ್ಲಿ ಹೇಳಿದಳು. ಸಿಪಾಯಿ ಪೆನ್ನು ನಿಲ್ಲಿಸಿ ಮುದುಕಿಯ ಮುಖ ನೋಡಿದಳು.

“ಮರಗಮ್ಮ,” ಎಂದಳು ಮುದುಕಿ. “ಬರಕೋ.”